ಲೂಪಸ್ ರೋಗವೂ ರಕ್ತದ ಕಬ್ಬಿಣವೂ

ಆರೋಗ್ಯವಂತನಾದ ಒಬ್ಬ ವಯಸ್ಕನ ದೇಹದಲ್ಲಿರುವ ಕಬ್ಬಿಣವನ್ನೆಲ್ಲ ಬೇರ್ಪಡಿಸಿ ತಕ್ಕಡಿಯಲ್ಲಿಟ್ಟರೆ ಅದು 3-4 ಗ್ರಾಂಗಿಂತ ಹೆಚ್ಚು ತೂಗಲಾರದು. ಒಂದು ಸಾಧಾರಣ ಮೊಳೆಗೆ ಸಾಲುವಷ್ಟು ಲೋಹ! ಇದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಸೇರಿಕೊಂಡಿದೆ. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲಿಯೂ ಕಬ್ಬಿಣದ 4 ಪರಮಾಣುಗಳಿವೆ. ಒಂದೇ ಒಂದು ಕೆಂಪು ಕಣದಲ್ಲಿ ಇಂತಹ ಅಣುಗಳು ಸುಮಾರು 27 ಕೋಟಿ ಇರುತ್ತವೆ. ಪುಪ್ಪುಸಗಳಿಂದ ಹೊರಟ ಆಮ್ಲಜನಕವು ದೇಹದ ಮೂಲೆಮೂಲೆಗೂ ತಲುಪುವುದು ಈ ಪರಮಾಣುಗಳ ಹೆಗಲೇರಿಯೇ. ಹಿಮೋಗ್ಲೋಬಿನ್ ಕುಗ್ಗಿದರೆ ಮುಖ ಬಿಳಿಚಿಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಓದಲು ಕುಳಿತವರಿಗೆ ಮನಸ್ಸು ನಿಲ್ಲದು. ಇದೇ ರಕ್ತಹೀನತೆ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಆದುದರಿಂದ "ರಕ್ತ ಕಡಮೆ" ಎಂದೊಡನೆ ಕಬ್ಬಿಣದ ಮಾತ್ರೆಯತ್ತ ಕೈಚಾಚುವುದು ನಮ್ಮಲ್ಲಿ ರೂಢಿಯಾಗಿದೆ. ಬಹುಮಂದಿಗೆ ಅದರಿಂದ ಗುಣವಾಗುವುದೂ ನಿಜ. ಆದರೆ ಲೂಪಸ್ ಎಂಬ ರೋಗಕ್ಕೆ ತುತ್ತಾದವರ ವಿಷಯದಲ್ಲಿ ಲೆಕ್ಕ ಅಷ್ಟು ಸುಲಭವಲ್ಲ.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಚರ್ಮವನ್ನು ತೋಳ ಕಚ್ಚಿದಂತೆ ಕಾಣುತ್ತಿದ್ದ ಹುಣ್ಣುಗಳಿಗೆ ಹಿಂದೆ ಯೂರೋಪಿನ ವೈದ್ಯರು ಇಟ್ಟ ಹೆಸರು ಇದು. ಹೊರಗಿನಿಂದ ಬರುವ ರೋಗಾಣುಗಳನ್ನು ಸದೆಬಡಿಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ತನ್ನ ಮನೆಯವರನ್ನೇ ಶತ್ರುಗಳೆಂದು ಬಗೆದು ಅವರ ಮೇಲೆ ಬೀಳುವುದೇ ಈ ರೋಗದ ಮೂಲ. ಕೀಲು, ಚರ್ಮ, ಮೂತ್ರಪಿಂಡ, ರಕ್ತ, ಯಾವುದಕ್ಕೂ ಪೆಟ್ಟು ಬೀಳಬಹುದು. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಅವರಲ್ಲಿಯೂ ಹೆಚ್ಚಿನವರು ತಾರುಣ್ಯದಲ್ಲಿರುವವರು. ಇವರ ರಕ್ತವನ್ನು ಪರೀಕ್ಷಿಸಿದಾಗ ಕಬ್ಬಿಣ ಕಡಮೆಯೆಂದು ಬರುವುದು ಸಾಮಾನ್ಯ. ರಕ್ತದಲ್ಲಿ ಕಡಮೆ, ಸರಿ, ದೇಹದಲ್ಲಿಯೂ ಕಡಮೆಯೆ? ಇವೆರಡೂ ಒಂದೇ ಪ್ರಶ್ನೆಯಲ್ಲ.

ಗ್ರೀಸ್ ದೇಶದ ಅಥೆನ್ಸ್ ನಗರದ ವೈದ್ಯರು ಲೂಪಸ್ ಇದ್ದು ರಕ್ತಹೀನರೂ ಆಗಿದ್ದ 132 ರೋಗಿಗಳನ್ನು ಪರೀಕ್ಷಿಸಿ 2000ದಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ನಿಜವಾದ ಕಬ್ಬಿಣದ ಕೊರತೆ ಇದ್ದವರು ನೂರಕ್ಕೆ ಸುಮಾರು 36 ಮಂದಿ ಮಾತ್ರ. ಇನ್ನು 37 ಮಂದಿಯದು ದೀರ್ಘಕಾಲದ ಉರಿಯೂತದಿಂದ ಉಂಟಾದ ರಕ್ತಹೀನತೆ. 14 ಮಂದಿಯಲ್ಲಿ ಪ್ರತಿಕಾಯಗಳು ಕೆಂಪು ಕಣಗಳನ್ನೇ ಒಡೆದುಹಾಕುತ್ತಿದ್ದವು. ಉಳಿದವರಿಗೆ ಬೇರೆ ಕಾರಣಗಳು. ಮುಖ ಬಿಳಿಚಿದ್ದು ಎಲ್ಲರಿಗೂ ಒಂದೇ ಬಗೆ. ಕಾರಣ ಮಾತ್ರ ಬೇರೆಬೇರೆ.

ಇದು ಅರ್ಥವಾಗಬೇಕಾದರೆ ದೇಹದಲ್ಲಿ ಕಬ್ಬಿಣದ ಆಯವ್ಯಯ ಹೇಗೆ ನಡೆಯುತ್ತದೆಂಬುದನ್ನು ನೋಡಬೇಕು. ಮೂಳೆಯ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಇದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ದಕ್ಕುವುದಾದರೋ 1-2 ಮಿಲಿಗ್ರಾಂ! ಉಳಿದುದು ಎಲ್ಲಿಂದ ಬರಬೇಕು? ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳನ್ನು ಗುಲ್ಮ, ಪಿತ್ತಜನಕಾಂಗಗಳಲ್ಲಿರುವ ಭಕ್ಷಕ ಕೋಶಗಳು ನುಂಗಿ, ಅವುಗಳೊಳಗಿನ ಕಬ್ಬಿಣವನ್ನು ಬಿಡಿಸಿ, ಮರಳಿ ರಕ್ತಕ್ಕೆ ಕೊಡುತ್ತವೆ. ಹಳೆಯ ಪಾತ್ರೆಯನ್ನು ಕರಗಿಸಿ ಹೊಸದನ್ನು ಎರಕ ಹೊಯ್ಯುವ ಕಂಚುಗಾರನಂತೆ ದೇಹವು ಅದೇ ಲೋಹವನ್ನು ಮತ್ತೆ ಮತ್ತೆ ಬಳಸುತ್ತದೆ. ಹೀಗೆ ಬಿಡುಗಡೆಯಾದ ಕಬ್ಬಿಣವನ್ನು ಮಜ್ಜೆಗೆ ಹೊತ್ತೊಯ್ಯುವ ಬಂಡಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು. ಯಾವುದೇ ಗಳಿಗೆಯಲ್ಲಿ ಈ ಬಂಡಿಗಳ ಮೇಲೆ ಇರುವ ಸರಕು 3-4 ಮಿಲಿಗ್ರಾಂ ಅಷ್ಟೆ. ರಕ್ತಪರೀಕ್ಷೆಯ ಚೀಟಿಯಲ್ಲಿ "ಕಬ್ಬಿಣ" ಎಂದು ಬರೆದಿರುವುದು ಹಾದಿಯಲ್ಲಿರುವ ಈ ಸರಕಿನ ಅಳತೆ. ಕಣಜದಲ್ಲಿರುವ ದಾಸ್ತಾನನ್ನು ಅದು ಹೇಳದು. ಹಾದಿಯಲ್ಲಿ ಬಂಡಿಗಳು ಬರಿದಾಗಿರುವುದಕ್ಕೆ ಎರಡು ಕಾರಣಗಳಿರಬಹುದು: ಕಣಜ ಬರಿದಾಗಿದೆ, ಇಲ್ಲವೆ ಕಣಜದ ಬಾಗಿಲು ಮುಚ್ಚಿದೆ.

ಈ ಬಾಗಿಲೂ ಅದರ ಅಗಳಿಯೂ ನಮಗೆ ತಿಳಿದು ಬಹಳ ಕಾಲವಾಗಿಲ್ಲ. ಕೋಶಗಳಿಂದ ಕಬ್ಬಿಣ ಹೊರಬೀಳುವ ಬಾಗಿಲಾದ ಫೆರೊಪೋರ್ಟಿನ್ ಪತ್ತೆಯಾದದ್ದು 2000ದಲ್ಲಿ. ಸರಿಸುಮಾರು ಅದೇ ಕಾಲದಲ್ಲಿ, ಪಿತ್ತಜನಕಾಂಗವು ತಯಾರಿಸುವ ಹೆಪ್ಸಿಡಿನ್ ಎಂಬ ಪುಟ್ಟ ವಸ್ತುವೂ ಬೆಳಕಿಗೆ ಬಂತು. ಕೇವಲ 25 ಅಮೈನೊ ಆಮ್ಲಗಳ ಸರಪಣಿ ಅದು. ಹೆಪ್ಸಿಡಿನ್ ಹೋಗಿ ಫೆರೊಪೋರ್ಟಿನ್ನಿಗೆ ಅಂಟಿಕೊಂಡರೆ ಆ ಬಾಗಿಲೇ ಕೋಶದೊಳಕ್ಕೆ ಸೆಳೆಯಲ್ಪಟ್ಟು ನಾಶವಾಗುತ್ತದೆಂಬುದು 2004ರಲ್ಲಿ ತಿಳಿದುಬಂತು. ಆಗ ಭಕ್ಷಕ ಕೋಶಗಳೊಳಗಿನ ಕಬ್ಬಿಣ ಅಲ್ಲಿಯೇ ಉಳಿಯುತ್ತದೆ; ಕರುಳಿನ ಗೋಡೆಯ ಕೋಶಗಳು ಊಟದಿಂದ ಹೀರಿದ ಕಬ್ಬಿಣವೂ ರಕ್ತಕ್ಕೆ ಸೇರಲಾರದು.

ದೇಹಕ್ಕೆ ಇಂತಹ ಅಗಳಿ ಏಕೆ ಬೇಕಾಯಿತು? ಮುಖ್ಯ ಕಾರಣವೊಂದಿದೆ. ದೇಹಕ್ಕೆ ಬೇಡದ ಕಬ್ಬಿಣವನ್ನು ಹೊರದೂಡುವ ಉಪಾಯ ತಿಳಿಯದು. ಆದುದರಿಂದ ಒಳಬರುವುದನ್ನೇ ಅಳೆದು ಬಿಟ್ಟುಕೊಳ್ಳಬೇಕು. ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯವಾದುದು. ರೋಗವನ್ನುಂಟುಮಾಡುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲಿಗೂ ಬೆಳೆಯಲು ಕಬ್ಬಿಣ ಬೇಕು. ಮುತ್ತಿಗೆ ಬಿದ್ದ ಊರಿನವರು ಶತ್ರುವಿಗೆ ಧಾನ್ಯ ಸಿಗದಂತೆ ಕಣಜಗಳನ್ನು ಭದ್ರಪಡಿಸುವಂತೆ, ಸೋಂಕು ತಗಲಿದೊಡನೆ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವು ಪಿತ್ತಜನಕಾಂಗವನ್ನು ಎಚ್ಚರಿಸುತ್ತದೆ, ಹೆಪ್ಸಿಡಿನ್ ಹೆಚ್ಚುತ್ತದೆ. ಸೋಂಕು ನಾಲ್ಕು ದಿನದಲ್ಲಿ ಅಡಗಿದರೆ ಇದರಿಂದ ಹಾನಿಯಿಲ್ಲ. ಲೂಪಸ್ಸಿನಲ್ಲಾದರೋ ಶತ್ರುವೇ ಇಲ್ಲ, ಆದರೂ ಮುತ್ತಿಗೆಯ ಡಂಗುರ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಕಣಜ ತುಂಬಿದ್ದರೂ ಮಜ್ಜೆ ಉಪವಾಸ ಬೀಳುತ್ತದೆ.

ನಿಜವಾಗಿ ಕಣಜವೇ ಬರಿದಾಗುವ ಸಂದರ್ಭಗಳೂ ಈ ರೋಗಿಗಳಲ್ಲಿ ವಿರಳವಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಕೀಲುನೋವಿಗೆ ನುಂಗಿದ ಮಾತ್ರೆಗಳಿಂದ ಹೊಟ್ಟೆಯೊಳಗೆ ಹುಣ್ಣಾಗಿ ದಿನಕ್ಕೆ 10 ಮಿಲಿಲೀಟರ್, ಎಂದರೆ ಎರಡು ಟೀ ಚಮಚೆಯಷ್ಟು, ರಕ್ತ ಸೋರಿತೆನ್ನಿ. ಹೊರಗೆ ಅದರ ಸುಳಿವೇ ಕಾಣದು. ಆದರೆ ಕಬ್ಬಿಣದ ನಷ್ಟ ದಿನಕ್ಕೆ 5 ಮಿಲಿಗ್ರಾಂ! ಊಟದ 1-2 ಮಿಲಿಗ್ರಾಂ ವರಮಾನದಲ್ಲಿ ಈ ಸಾಲ ತೀರುವುದೆಂತು? ಮುಟ್ಟಿನಲ್ಲಿ ಅತಿಯಾದ ಸ್ರಾವವಿರುವವರಲ್ಲಿ, ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರಲ್ಲಿ ಸೋರಿಕೆ ಇನ್ನೂ ಹೆಚ್ಚು.

ಕಣಜದ ದಾಸ್ತಾನನ್ನು ಅಳೆಯಲು ವೈದ್ಯರು ಫೆರಿಟಿನ್ ಎಂಬ ಪ್ರೋಟೀನನ್ನು ನೋಡುತ್ತಾರೆ. 24 ಹಲಗೆಗಳನ್ನು ಜೋಡಿಸಿ ಮಾಡಿದ ಪೊಳ್ಳು ಗೋಳದಂತಿರುವ ಇದು ತನ್ನೊಳಗೆ ಕಬ್ಬಿಣದ 4,500 ಪರಮಾಣುಗಳವರೆಗೂ ಇಟ್ಟುಕೊಳ್ಳಬಲ್ಲುದು. ರಕ್ತದಲ್ಲಿ ಫೆರಿಟಿನ್ ಲೀಟರಿಗೆ 30 ಮೈಕ್ರೊಗ್ರಾಂಗಿಂತ ಕೆಳಗಿಳಿದರೆ ಕಣಜ ಬರಿದೆಂದೇ ಅರ್ಥ. ತೊಡಕೇನೆಂದರೆ, ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಬರಿದಾದ ಕಣಜವೂ ಅರ್ಧ ತುಂಬಿದಂತೆ ತೋರುತ್ತದೆ. ನಾವು ಪ್ರಯೋಗಶಾಲೆಯಲ್ಲಿ ಉಪಕರಣದ ಶೂನ್ಯದೋಷವನ್ನು ಕಳೆದು ಅಳತೆಯನ್ನು ಓದುವುದಿಲ್ಲವೆ? ಹಾಗೆಯೇ ಲೂಪಸ್ ಕೆರಳಿರುವಾಗ ಫೆರಿಟಿನ್ 100ಕ್ಕಿಂತ ಕಡಮೆಯಿದ್ದು, ಟ್ರಾನ್ಸ್‌ಫೆರಿನ್ ಬಂಡಿಗಳಲ್ಲಿ ಸರಕು ಶೇಕಡಾ 20ಕ್ಕಿಂತ ಕೆಳಗಿದ್ದರೆ, ಕೊರತೆ ಇದೆಯೆಂದು ಶಂಕಿಸಬೇಕಾಗುತ್ತದೆ. ಒಬ್ಬರಲ್ಲಿಯೇ ಕೊರತೆಯೂ ಅಗಳಿಯೂ ಕೂಡಿರುವುದುಂಟು.

ಪ್ರತಿಕಾಯಗಳು ಕೆಂಪು ಕಣಗಳನ್ನು ಒಡೆಯುತ್ತಿವೆಯೆ ಎಂದು ನೋಡಲು 1945ರಲ್ಲಿ ಇಂಗ್ಲೆಂಡಿನ ಕೂಂಬ್ಸ್, ಮೌರಂಟ್, ರೇಸ್ ಎಂಬವರು ವಿವರಿಸಿದ ಪರೀಕ್ಷೆಯಿದೆ. ಇನ್ನು, ಮಜ್ಜೆಯನ್ನು ಪ್ರಚೋದಿಸುವ ಎರಿತ್ರೊಪೊಯಟಿನ್ ತಯಾರಾಗುವುದು ಮೂತ್ರಪಿಂಡಗಳಲ್ಲಿ. ಲೂಪಸ್ ಅವುಗಳನ್ನು ಕೆಡಿಸಿದರೆ ಕಬ್ಬಿಣವಿದ್ದರೂ ಕಣಗಳು ಸಾಕಷ್ಟು ಹುಟ್ಟವು. ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತ ಕುಳಿತವರಲ್ಲಿ ಈ ಮೂತ್ರಪಿಂಡದ ಕೇಡು ಮರೆಯಲ್ಲಿಯೇ ಬೆಳೆಯಬಹುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ.

ನಿಜವಾದ ಕೊರತೆಗೆ ಮಾತ್ರೆ ಬೇಕೇ ಬೇಕು. ಆದರೆ ಇಲ್ಲಿಯೂ ಹೆಪ್ಸಿಡಿನ್ನಿನ ಆಟ ತಪ್ಪದು. ಒಂದು ಮಾತ್ರೆ ನುಂಗಿದರೆ ಸುಮಾರು ಒಂದು ದಿನದವರೆಗೆ ಹೆಪ್ಸಿಡಿನ್ ಏರಿರುತ್ತದೆ; ಮರುದಿನದ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ, ಕಬ್ಬಿಣದ ದಾಸ್ತಾನು ಕುಗ್ಗಿದ್ದ ತರುಣಿಯರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನ ಬಿಟ್ಟು ದಿನ ಕೊಟ್ಟ ಮಾತ್ರೆಯಿಂದ ಹೆಚ್ಚು ಪಾಲು ಕಬ್ಬಿಣ ದೇಹಗತವಾದುದು ಕಂಡುಬಂತು. ಊಟದೊಡನೆ ಚಹ ಕುಡಿದರೆ ಹೀರಿಕೆ ತಗ್ಗುತ್ತದೆ, ನಿಂಬೆಯ ಹುಳಿ ಹಿಂಡಿದರೆ ಹೆಚ್ಚುತ್ತದೆ. ಕರುಳಿನ ಬಾಗಿಲು ತೀರ ಮುಚ್ಚಿದವರಿಗೆ ವೈದ್ಯರು ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡುತ್ತಾರೆ.

ಕೇವಲ ಅಗಳಿ ಬಿದ್ದಿರುವವರ ಕಥೆ ಬೇರೆ. ಅವರಿಗೆ ಬೇಕಾದುದು ಲೂಪಸ್ಸನ್ನು ಅಡಗಿಸುವ ಔಷಧ. ಉರಿಯೂತ ಇಳಿದಂತೆ ಹೆಪ್ಸಿಡಿನ್ನೂ ಇಳಿಯುತ್ತದೆ, ಫೆರೊಪೋರ್ಟಿನ್ ಬಾಗಿಲುಗಳು ಮತ್ತೆ ತಲೆಯೆತ್ತುತ್ತವೆ. ಹೊರಗಿನಿಂದ ಒಂದು ಮಾತ್ರೆಯೂ ಬೀಳದಿದ್ದರೂ, ಕೂಡಿಟ್ಟ ಹಳೆಯ ಕಬ್ಬಿಣವೇ ಬಂಡಿಯೇರಿ ಮಜ್ಜೆಗೆ ಬಂದು, ವಾರಗಳು ಕಳೆದಂತೆ ಹಿಮೋಗ್ಲೋಬಿನ್ ಏರತೊಡಗುತ್ತದೆ.