ಹುಬ್ಬಳ್ಳಿಯವರು ಸಿಡ್ನಿಗೆ, ಬೈಕ್ ಮ್ಯಾಗ

ರಾಯಾಪುರದಾಗ ನಿಂತೀನ್ರಿ. ಆ ಕಡೆ ಹುಬ್ಬಳ್ಳಿ, ಈ ಕಡೆ ಧಾರವಾಡ, ನಡುವ ಚಿಗರಿ ಬಸ್ಸು. ಇಲ್ಲಿಯವರು ಒಬ್ಬರ ಬೈಕ್ ಹತ್ತಿ ಹೊರದೇಶದ ಗುಡ್ಡ ದಾಟೂದು ಆಗೂ ಮಾತೇನು?

ಆಗೇತ್ರಿ. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಾಗ ಬೆಂಗಳೂರಿನಿಂದ ಬಜಾಜ್ ಡೊಮಿನಾರ್ ಮ್ಯಾಗ ಒಬ್ಬರ ಹೊಂಟು ಆಸ್ಟ್ರೇಲಿಯಾದ ಸಿಡ್ನಿ ಮುಟ್ಟಿದ್ರು.

ಗುಡ್ಡಕ್ಕಿಂತ ಮೊದಲ ಕಾಗದಪತ್ರ. ಎಷ್ಟೋ ದೇಶಕ್ಕ ಗಾಡಿಗೂ ಒಂದು ಪಾಸ್‌ಪೋರ್ಟ್ ಬೇಕ್ರಿ, ಹೆಸರು ಕಾರ್ನೆ. ದೇಶದೊಳಗ ಹೋಗುವಾಗ ಒಂದು ಶಿಕ್ಕಾ, ಹೊರಗ ಬರುವಾಗ ಒಂದು. ಎರಡನೇದು ಬೀಳಲಿಲ್ಲಂದ್ರ ಗಾಡಿ ಅಲ್ಲೇ ಮಾರಿ ಬಂದೀರಿ ಅಂತ ಸುಂಕ ಕೇಳತಾರ. ಅದಕ್ಕಂತನ ಮೊದಲ ಠೇವಣಿ ಇಸಗೊಂಡಿರತಾರ. ನೇಪಾಳಕ್ಕ ಈ ತಂಟೆ ಇಲ್ಲ. ಗಡಿಯಾಗ ದಿನದ ಲೆಕ್ಕದಾಗ ರೊಕ್ಕ ಕಟ್ಟಿ ‘ಭನ್ಸಾರ್’ ಚೀಟಿ ತಗೊಂಡ್ರ ಆತು. ನನ್ನ ಕೇಳಿದ್ರ, ಮೊದಲ ಸಲಕ್ಕ ಅದ ಚಲೋ.

ಇನ್ನ ಏರು. 3000 ಮೀಟರ್ ಎತ್ತರದಾಗ ಗಾಳಿ ಸುಮಾರು ಕಾಲು ಪಾಲು ತೆಳ್ಳಗ. ಹಳೇ ಕಾರ್ಬುರೇಟರ್ ಗಾಡಿ ಪೆಟ್ರೋಲ್ ಮಾತ್ರ ಕಡಿಮಿ ಮಾಡೂದಿಲ್ಲ. ಕೆಮ್ಮತೈತಿ, ಪ್ಲಗ್ ಬಿಚ್ಚಿದ್ರ ಮಸಿ ಹಿಡದು ಕರ್ರಗ. ಇಂಜೆಕ್ಷನ್ ಗಾಡಿ ತಾನ ಹೊಂದಿಸಿಕೋತೈತಿ, ಆದ್ರ ದಮ್ಮು ಅದಕ್ಕೂ ಕಡಿಮಿನ.

ಇಳಿಜಾರು ಇನ್ನೂ ಖತರ್ನಾಕ್. ಬ್ರೇಕ್ ಒತ್ತಕೋತ ಇಳದ್ರ ಎಣ್ಣಿ ಕಾದು ಲಿವರ್ ಮೆತ್ತಗ ಆಗತೈತಿ. ಎರಡನೇ ಗೇರ್ ಹಾಕ್ರಿ, ಎಂಜಿನ್ನ ತಡೀಲಿ.

ಟ್ರಾಯಲ್ ಬೇಕೇನು? ಪೂರ್ತಿ ಲಗೇಜ್ ಕಟ್ಟಿ ಅಣಶಿ ಘಾಟ್ ಇಳದು ಹತ್ತಿ ಬರ್ರಿ. ಹಂಗ ಬಿದ್ದ ಗಾಡಿ ಒಬ್ಬರ ಎತ್ತಾಕ ಬರತೈತೋ ಇಲ್ಲೋ, ಅದನ್ನೂ ಮನಿ ಅಂಗಳದಾಗ ನೋಡಕೊಳ್ರಿ.