ಬಣ್ಣಕ್ಕೆ ಬಿದ್ದ ಬೆಲೆ: ಹಳೆಯ ಕೀಟ ಪುಸ್ತಕಗಳ ಲೆಕ್ಕ

1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಸುರಿನಾಮ್ ದೇಶದ ಕೀಟಗಳ ಪುಸ್ತಕ ಹೊರತಂದಾಗ ಅದಕ್ಕೆ ಎರಡು ಬೆಲೆ ಇತ್ತು. ಚಂದಾದಾರರಿಗೆ ಬಣ್ಣವಿಲ್ಲದ ಪ್ರತಿ 15 ಗಿಲ್ಡರ್. ಕೈಯಿಂದ ಬಣ್ಣ ತುಂಬಿದ ಪ್ರತಿ 45 ಗಿಲ್ಡರ್. ಚಿತ್ರಪುಟಗಳು ಎರಡರಲ್ಲೂ 60. ಭಾಗಿಸಿ ನೋಡಿ: ಕಾಗದ, ತಾಮ್ರದ ತಗಡಿನ ಕೆತ್ತನೆ, ಅಚ್ಚು, ಬರಹ ಎಲ್ಲ ಸೇರಿ ಚಿತ್ರವೊಂದಕ್ಕೆ ಬೀಳುವುದು ಕಾಲು ಗಿಲ್ಡರ್. ಬಣ್ಣಕ್ಕೆ ಮಾತ್ರ ಅರ್ಧ ಗಿಲ್ಡರ್. ಹಾಲೆಂಡಿನಲ್ಲಿ ಆಗ ಕೂಲಿಯಾಳಿನ ದಿನದ ಸಂಬಳ ಹೆಚ್ಚುಕಡಿಮೆ ಒಂದು ಗಿಲ್ಡರ್. ಬಣ್ಣದ ಪ್ರತಿಯೊಂದನ್ನು ಕೊಳ್ಳಲು ಅವನು ಒಂದು ಕಾಸೂ ಖರ್ಚು ಮಾಡದೆ ಒಂದೂವರೆ ತಿಂಗಳು ದುಡಿಯಬೇಕಿತ್ತು.

ಈ 60 ಚಿತ್ರಗಳ ಹಿಂದಿನ ಬಂಡವಾಳ ಇನ್ನೂ ದೊಡ್ಡದು. 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಮೇರಿಯನ್ ತಾನು ಬರೆದಿದ್ದ 255 ಚಿತ್ರಗಳನ್ನು ಮಾರಿ ಕಿರಿಯ ಮಗಳೊಂದಿಗೆ ಸುರಿನಾಮಿಗೆ ಹಡಗು ಹತ್ತಿದಳು. ಅಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವನ್ನೂ ಅವು ತಿನ್ನುವ ಗಿಡದ ಸಮೇತ ಚಿತ್ರಿಸಿದಳು. ಕಾಯಿಲೆಯಿಂದಾಗಿ 1701ರಲ್ಲೇ ಮರಳಬೇಕಾಯಿತು. 255 ಚಿತ್ರ ಕೊಟ್ಟು 60 ಪಡೆದ ಈ ವ್ಯಾಪಾರದಲ್ಲಿ ಲಾಭವಾದದ್ದು ಲೋಕಕ್ಕೆ ಎಂದು ನಾನು ನಂಬುತ್ತೇನೆ. ಆಕೆ 1717ರಲ್ಲಿ ತೀರಿಕೊಂಡ ಮೇಲೆ, 1719ರ ಮುದ್ರಣಕ್ಕೆ 12 ಚಿತ್ರಗಳು ಸೇರಿ ಒಟ್ಟು 72 ಆದವು. ಹಳೆಯ ಪ್ರತಿ ಕೈಗೆ ಬಂದಾಗ ಬಲ್ಲವರು ಮೊದಲು ಚಿತ್ರ ಎಣಿಸುವುದು ಇದಕ್ಕೇ.

ಸಂಖ್ಯೆಯಲ್ಲಿ ಮೇರಿಯನ್ನಳನ್ನು ಬಹಳ ಹಿಂದೆ ಹಾಕಿದವನು ಆಮ್‌ಸ್ಟರ್‌ಡ್ಯಾಮಿನವನೇ ಆದ ವರ್ತಕ ಪೀಟರ್ ಕ್ರಾಮರ್. ನಾರುಬಟ್ಟೆ ಮತ್ತು ಸ್ಪೇನಿನ ಉಣ್ಣೆ ಮಾರಿ ಹಣ ಮಾಡಿದ ಈತ ಅದನ್ನು ಹೊರದೇಶಗಳ ಚಿಟ್ಟೆಗಳ ಮೇಲೆ ಸುರಿದ. ತನ್ನ ಸಂಗ್ರಹವನ್ನಷ್ಟೇ ಅಲ್ಲ, ಹಾಲೆಂಡಿನ ಇತರ ಸಂಗ್ರಾಹಕರ ಪೆಟ್ಟಿಗೆಗಳಲ್ಲಿದ್ದ ಚಿಟ್ಟೆಗಳನ್ನೂ ಚಿತ್ರಕಾರನಿಂದ ಬರೆಸಿದ. 1775ರಿಂದ 1782ರವರೆಗೆ ಕಂತು ಕಂತಾಗಿ ಬಂದ ಆ ಪುಸ್ತಕ 4 ಸಂಪುಟ, 400 ಚಿತ್ರಪುಟ, 1,600ಕ್ಕೂ ಹೆಚ್ಚು ಪ್ರಭೇದ. ಪುಟಕ್ಕೆ ಸರಾಸರಿ ನಾಲ್ಕು ಚಿಟ್ಟೆ. ಎಷ್ಟೋ ಚಿಟ್ಟೆಗಳಿಗೆ ರೆಕ್ಕೆಯ ಮೇಲ್ಮೈ ಬೇರೆ, ಒಳಮೈ ಬೇರೆ. ನೂರೇ ಪ್ರತಿ ಮಾಡಿದರೂ ಕೈಯಿಂದ ಬಣ್ಣ ತುಂಬಬೇಕಾದ ಹಾಳೆ 40,000! ಒಂದೊಂದರಲ್ಲೂ ಚುಕ್ಕೆ ತಪ್ಪಬಾರದು, ಅಂಚು ಜರುಗಬಾರದು. ಕೀಟಗಳಲ್ಲಿ ಒಂದು ಚುಕ್ಕೆಯ ವ್ಯತ್ಯಾಸದಿಂದ ಪ್ರಭೇದವೇ ಬೇರೆಯಾಗಬಹುದು.

ಕ್ರಾಮರ್ 1776ರಲ್ಲೇ ಜ್ವರದಿಂದ ಸತ್ತ. ಕೆಲಸವನ್ನು ಕಾಸ್ಪರ್ ಸ್ಟೋಲ್ ಮುಗಿಸಿದ. ಹಾಗೆ ಮೂರು ವರ್ಷ ಕಳೆದು, 1779ರಲ್ಲಿ ಅಚ್ಚಾದ ಭಾಗದಲ್ಲಿ ‘ಮಿನೋಸ್’ ಎಂಬ ಹೆಸರಿನ ದೊಡ್ಡ ಚಿಟ್ಟೆಯೊಂದಿದೆ. ಇವತ್ತು ಅದರ ಪೂರ್ಣ ಹೆಸರು ಟ್ರೊಯ್ಡಿಸ್ ಮಿನೋಸ್. ರೆಕ್ಕೆ ಹರಡಿದರೆ 14ರಿಂದ 19 ಸೆಂಟಿಮೀಟರ್. ಸಹ್ಯಾದ್ರಿಯ ಕಾಡಿನಲ್ಲಿ ಹಾರುವ ಸದರ್ನ್ ಬರ್ಡ್‌ವಿಂಗ್ ಇದೇ, ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ. ಅದರ ವೈಜ್ಞಾನಿಕ ಹೆಸರಿನ ಬೇರು ಒಬ್ಬ ಡಚ್ ಬಟ್ಟೆ ವ್ಯಾಪಾರಿಯ 400 ಚಿತ್ರಗಳಲ್ಲಿ ಒಂದರಲ್ಲಿದೆ.

ಇಂಗ್ಲೆಂಡಿನ ಎಡ್ವರ್ಡ್ ಡೊನೋವನ್‌ನ ಲೆಕ್ಕ ಬೇರೆ ತರಹದ್ದು. ಬ್ರಿಟಿಷ್ ಕೀಟಗಳ ಮೇಲೆ ಅವನದು 16 ಸಂಪುಟ, 576 ಚಿತ್ರ. ಸಂಪುಟಕ್ಕೆ ಸರಿಯಾಗಿ 36. ಎರಡು ದಶಕ ಹಿಡಿದ ಈ ಕೆಲಸದ ನಡುವೆಯೇ ಚೀನಾದ ಕೀಟಗಳ 50 ಚಿತ್ರ, ಭಾರತದ ಕೀಟಗಳ 58 ಚಿತ್ರ. ಭಾರತಕ್ಕೆ ಅವನು ಕಾಲಿಡಲೇ ಇಲ್ಲ. ಹರಾಜಿನಲ್ಲಿ ಕೊಂಡ ಮಾದರಿಗಳನ್ನೂ ಇತರರ ಸಂಗ್ರಹಗಳನ್ನೂ ನೋಡಿ ಬರೆದ. ಪುಸ್ತಕ, ಮಾದರಿ, ಸ್ವಂತ ಮ್ಯೂಸಿಯಂ ಎಲ್ಲಕ್ಕೂ ಹಣ ಸುರಿದು 1837ರಲ್ಲಿ ಬಡತನದಲ್ಲೇ ಸತ್ತ. ಅವನ ಕೈಯಿಂದ ಬಂದ ಹಾಳೆಗಳಿಗೆ ಇಂದು ಒಳ್ಳೆಯ ಬೆಲೆ ಇದೆ ಎಂಬುದು ನೆನೆದರೆ ಸಂಕಟವಾಗುತ್ತದೆ.

ನಮ್ಮ ದೇಶದ ಚಿಟ್ಟೆಗಳ ಮಟ್ಟಿಗೆ ದೊಡ್ಡ ಅಂಕಿ ಫ್ರೆಡರಿಕ್ ಮೂರ್ ಆರಂಭಿಸಿದ ‘ಲೆಪಿಡಾಪ್ಟೆರಾ ಇಂಡಿಕಾ’ದ್ದು: 1890ರಿಂದ 1913, 10 ಸಂಪುಟ, 835 ಕಲ್ಲಚ್ಚಿನ ಚಿತ್ರ. ಮೂರ್ 1907ರಲ್ಲಿ ತೀರಿಕೊಂಡ, ಉಳಿದದ್ದನ್ನು ಚಾರ್ಲ್ಸ್ ಸ್ವಿನ್ಹೋ ಪೂರೈಸಿದ.

ಇಂಥ ಪುಸ್ತಕಗಳನ್ನು ಒಬ್ಬನೇ ಮನುಷ್ಯ ಎಷ್ಟು ಸೇರಿಸಬಲ್ಲ? ಸಂಗ್ರಾಹಕ ವಾಲ್ಟರ್ ರಾತ್‌ಸ್ಚೈಲ್ಡ್ 1937ರಲ್ಲಿ ತೀರಿಕೊಂಡಾಗ ಲಂಡನ್ನಿನ ಹತ್ತಿರದ ಟ್ರಿಂಗ್‌ನಲ್ಲಿದ್ದ ಅವನ ಖಾಸಗಿ ಮ್ಯೂಸಿಯಂ ಬ್ರಿಟಿಷ್ ಮ್ಯೂಸಿಯಂಗೆ ಸೇರಿತು. ಅದರಲ್ಲಿ ಸುಮಾರು 22.5 ಲಕ್ಷ ಚಿಟ್ಟೆ-ಪತಂಗಗಳು, ಸುಮಾರು 30,000 ಪುಸ್ತಕಗಳು. 75 ಕೀಟಕ್ಕೆ ಒಂದು ಪುಸ್ತಕ! ಇದು ಶೋಕಿಯಲ್ಲ. ಪೆಟ್ಟಿಗೆಯಲ್ಲಿರುವ ಚಿಟ್ಟೆ ಹೊಸದೋ ಹಳೆಯದೋ ಎಂದು ಹೇಳಲು ಕ್ರಾಮರನ ಚಿತ್ರದ ಪಕ್ಕದಲ್ಲಿಟ್ಟು ನೋಡಲೇಬೇಕು. 1932ರಲ್ಲಿ ಹಣದ ಮುಗ್ಗಟ್ಟು ಬಂದಾಗ ಅವನು ಸುಮಾರು 2,80,000 ಹಕ್ಕಿ ಚರ್ಮಗಳನ್ನು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂಗೆ 2,25,000 ಡಾಲರಿಗೆ ಮಾರಿದ. ಹಕ್ಕಿಯೊಂದಕ್ಕೆ ಸುಮಾರು 80 ಸೆಂಟ್. ಚಿಟ್ಟೆಗಳನ್ನು ಉಳಿಸಿಕೊಂಡ.

ಟ್ರಿಂಗ್‌ನ ಪುಸ್ತಕಗಳಂತೆ ಒಟ್ಟಾಗಿ ಮ್ಯೂಸಿಯಂ ಸೇರುವ ಯೋಗ ಎಲ್ಲ ಖಾಸಗಿ ಗ್ರಂಥಾಲಯಗಳಿಗೂ ಇರುವುದಿಲ್ಲ. ಸಂಗ್ರಾಹಕ ಸತ್ತ ಮೇಲೆ ಪುಸ್ತಕ ಹರಾಜಿಗೆ ಬರುತ್ತದೆ. ಕೆಲವು ವ್ಯಾಪಾರಿಗಳು ಹೊಲಿಗೆ ಬಿಚ್ಚಿ, ಚಿತ್ರಗಳನ್ನು ಬಿಡಿಬಿಡಿಯಾಗಿ ಚೌಕಟ್ಟು ಹಾಕಿ ಮಾರುತ್ತಾರೆ. ಅವರಿಗೆ ಲೆಕ್ಕ ಸರಳ: 400 ಹಾಳೆಗೆ 400 ಗಿರಾಕಿ, ಇಡೀ ಪುಸ್ತಕ ಕೊಳ್ಳುವವನು ಒಬ್ಬ. ಆದರೆ ಕ್ರಾಮರನ ಚಿಟ್ಟೆಗಳು ಅವನ ನಂತರ ಚದುರಿಹೋದವು. ಎಷ್ಟೋ ಹೆಸರುಗಳಿಗೆ ಈಗ ಉಳಿದ ಸಾಕ್ಷಿ ಆ ಚಿತ್ರ ಮಾತ್ರ. ಅದನ್ನು ಹೆಸರಿಗೆ ಕಟ್ಟಿರುವುದು ಪಕ್ಕದ ಬರಹದಲ್ಲಿರುವ ಪುಟಸಂಖ್ಯೆ ಮತ್ತು ಅಕ್ಷರ. ಹಾಳೆ ಹರಿದ ಕೂಡಲೇ ಆ ಗಂಟು ಬಿಚ್ಚುತ್ತದೆ. ಪುಸ್ತಕ ಒಡೆಯುವುದನ್ನು ನಾನು ವ್ಯಾಪಾರ ಎನ್ನಲಾರೆ, ಹಾನಿ ಎನ್ನುತ್ತೇನೆ.

ಚಿತ್ರ ನೋಡುವ ಆಸೆಗೆ ಹಾಳೆ ಕೊಳ್ಳಬೇಕಾಗಿಲ್ಲ. ಕ್ರಾಮರ್, ಡೊನೋವನ್, ಮೂರ್ ಮೂವರ ಪುಸ್ತಕಗಳೂ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಸ್ಕ್ಯಾನ್ ಆದ ಪುಟಗಳು ಆರು ಕೋಟಿಗೂ ಹೆಚ್ಚು. ನಿಮ್ಮ ಮನೆಯ ಅಥವಾ ತೋಟದ ಬಂಗಲೆಯ ಕಪಾಟಿನಲ್ಲಿ ಇಂಥ ಹಳೆಯ ಸಂಪುಟ ಸಿಕ್ಕಿದರೆ, ಮೊದಲು ಚಿತ್ರಗಳನ್ನು ಎಣಿಸಿ ಬರೆದಿಡಿ. ಗಮ್ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಒಂದು ಹಾಳೆಯನ್ನೂ ಬಿಚ್ಚಬೇಡಿ. ಇಟ್ಟುಕೊಳ್ಳಲು ಆಗದಿದ್ದರೆ ಇಡಿಯಾಗಿ ಒಂದು ಗ್ರಂಥಾಲಯಕ್ಕೆ ಕೊಡಿ.