ಜಿರಳೆ: ಹೊಡೆಯಬೇಕಾದ್ದು ಸಂದಿನೊಳಗೆ

ಭೂಮಿಯ ಮೇಲೆ ಈವರೆಗೆ ಗುರುತಿಸಿರುವ ಜಿರಳೆ ಪ್ರಭೇದಗಳು ಸುಮಾರು 4,600. ಬಹುಪಾಲು ಕಾಡಿನ ತರಗೆಲೆ, ಕೊಳೆತ ಮರಗಳ ನಡುವೆ ಬದುಕುತ್ತವೆ. ಮನುಷ್ಯರ ವಾಸಸ್ಥಳಕ್ಕೆ ಬಂದು ಸೇರಿದವು ಮೂವತ್ತರಷ್ಟು ಮಾತ್ರ. ನಮ್ಮ ಮನೆ, ಹೋಟೆಲು, ಬೇಕರಿಗಳಲ್ಲಿ ಹೆಚ್ಚು ಕಾಟ ಕೊಡುವುದು ಎರಡು. ರಾತ್ರಿ ಬಚ್ಚಲ ಮೋರಿಯಿಂದ ಹೊರಬರುವ, ನಾಲ್ಕು ಸೆಂ.ಮೀ.ವರೆಗೆ ಬೆಳೆಯುವ ಕೆಂಗಂದು ಬಣ್ಣದ್ದು ಅಮೆರಿಕನ್ ಜಿರಳೆ. ಮಿಕ್ಸಿಯ ಅಡಿಯಲ್ಲಿ, ಕಪಾಟಿನ ಕೀಲುಗಳಲ್ಲಿ, ಫ್ರಿಜ್ಜಿನ ಮೋಟಾರಿನ ಬೆಚ್ಚನೆಯ ಜಾಗದಲ್ಲಿ ಗುಂಪಾಗಿ ಅಡಗುವ, ಒಂದೂವರೆ ಸೆಂ.ಮೀ. ಆಸುಪಾಸಿನ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುವ ತಿಳಿಗಂದು ಕೀಟ ಜರ್ಮನ್ ಜಿರಳೆ. ಕಷ್ಟದ ಎದುರಾಳಿ ಈ ಚಿಕ್ಕದೇ. 2024ರಲ್ಲಿ ಪ್ರಕಟವಾದ, 17 ದೇಶಗಳ ಜಿರಳೆಗಳ ಡಿಎನ್‌ಎ ಹೋಲಿಸಿದ ಅಧ್ಯಯನದ ಪ್ರಕಾರ ಇದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದಲ್ಲಿ ಏಷ್ಯನ್ ಜಿರಳೆಯಿಂದ ಕವಲೊಡೆಯಿತು. ಕಟ್ಟಡಗಳ ಆಸರೆ ಬಿಟ್ಟು ಕಾಡಿನಲ್ಲಿ ಇದು ಎಲ್ಲಿಯೂ ಕಂಡುಬಂದಿಲ್ಲ.

ಇದರ ಬಲವಿರುವುದು ಸಂತಾನದಲ್ಲಿ. ಹೆಣ್ಣು ಜಿರಳೆ ಮೂವತ್ತರಿಂದ ನಲವತ್ತು ಮೊಟ್ಟೆಗಳ ಚೀಲವನ್ನು, ಮರಿಗಳು ಹೊರಬರುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ. ಚೀಲದ ಗಟ್ಟಿ ಹೊದಿಕೆಯೊಳಕ್ಕೆ ಕೀಟನಾಶಕ ಸುಲಭವಾಗಿ ಇಳಿಯುವುದಿಲ್ಲ. ಹುಟ್ಟಿದ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತವೆ. ಹಗಲಿನಲ್ಲಿ ಒಂದೆರಡು ಜಿರಳೆ ಓಡಾಡುವುದು ಕಂಡರೆ ಅಡಗುವ ಜಾಗಗಳು ಆಗಲೇ ತುಂಬಿವೆ ಎಂದು ತಿಳಿಯಬೇಕು.

ಆರೋಗ್ಯದ ಮಾತೂ ಹಗುರವಲ್ಲ. ಮೋರಿಯಲ್ಲಿ ಓಡಾಡಿದ ಕಾಲುಗಳೇ ತಟ್ಟೆ ಲೋಟಗಳ ಮೇಲೂ ಹರಿದಾಡಿ ರೋಗಾಣುಗಳನ್ನು ಸಾಗಿಸುತ್ತವೆ. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಅಲರ್ಜಿಯ ಸಂಗತಿ. ಜಿರಳೆಯ ಎಂಜಲು, ಹಿಕ್ಕೆ, ಕಳಚಿದ ಪೊರೆಗಳಲ್ಲಿರುವ ಪ್ರೋಟೀನುಗಳು ದೂಳಿನಲ್ಲಿ ಬೆರೆತು ಆಸ್ತಮಾ ಕೆರಳಿಸುತ್ತವೆ. ಅಮೆರಿಕದ ನಗರಗಳ ಬಡ ಬಡಾವಣೆಗಳ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿರಳೆ ಅಲರ್ಜಿಯಿದ್ದು ಮಲಗುವ ಕೋಣೆಯ ದೂಳಿನಲ್ಲೂ ಆ ಪ್ರೋಟೀನು ಹೆಚ್ಚಾಗಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಆಸ್ತಮಾದಿಂದ ಆಸ್ಪತ್ರೆ ಸೇರಿದ್ದರು.

ಸಾಮಾನ್ಯವಾಗಿ ಜನರ ಕೈ ಹೋಗುವುದು ಸ್ಪ್ರೇ ಡಬ್ಬಿಗೆ. ಕಣ್ಣೆದುರಿನ ನಾಲ್ಕು ಜಿರಳೆ ಸಾಯುತ್ತವೆ, ಸಂದಿನ ನಲವತ್ತು ಉಳಿಯುತ್ತವೆ. ಇಂಥ ಬಹುತೇಕ ಸ್ಪ್ರೇಗಳಲ್ಲಿರುವುದು ಪೈರೆಥ್ರಾಯ್ಡ್ ವರ್ಗದ ವಿಷ. ಇದಕ್ಕೆ ಜರ್ಮನ್ ಜಿರಳೆಗಳು ಜಗತ್ತಿನ ಅನೇಕ ಕಡೆ ಪ್ರತಿರೋಧ ಬೆಳೆಸಿಕೊಂಡಿವೆ. ಇದರ ವಾಸನೆ, ಸ್ಪರ್ಶ ತಗುಲಿದ ಜಾಗ ಬಿಟ್ಟು ಪಕ್ಕದ ಕೋಣೆಗೆ ವಲಸೆ ಹೋಗುವುದೂ ಉಂಟು. ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2019ರಲ್ಲಿ ತೋರಿಸಿದಂತೆ, ಒಂದು ವರ್ಗದ ವಿಷ ತಾಳಿಕೊಂಡ ಜಿರಳೆಗಳ ಮರಿಗಳು ತಾವು ಎಂದೂ ಎದುರಿಸದ ಬೇರೆ ವರ್ಗದ ವಿಷವನ್ನೂ ತಾಳಿಕೊಳ್ಳಬಲ್ಲವು. ನುಸಿಗುಳಿಗೆ, ಶ್ರವಣಾತೀತ ಶಬ್ದದ ಯಂತ್ರ ಇವನ್ನು ನೆಚ್ಚಿ ಹಣ ಕಳೆಯುವುದು ವ್ಯರ್ಥ.

ಈಗ ಹೆಚ್ಚು ನಂಬಬಹುದಾದ ಅಸ್ತ್ರ ಜೆಲ್ ರೂಪದ ವಿಷದ ಆಹಾರ. ಕೀಲು, ಸಂದು, ಸಿಂಕಿನ ಅಡಿ, ಒಲೆಯ ಹಿಂಭಾಗದಲ್ಲಿ ಅಕ್ಕಿಕಾಳಿನ ಗಾತ್ರದ ಹನಿಗಳನ್ನು ಹಲವು ಕಡೆ ಇಡಬೇಕು. ಒಂದೇ ಕಡೆ ದೊಡ್ಡ ಮುದ್ದೆ ಇಟ್ಟರೆ ಪ್ರಯೋಜನ ಕಡಿಮೆ. ಇದರಲ್ಲಿ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್‌ನಂಥ ವಿಷವಿರುತ್ತದೆ. ತಿಂದ ಜಿರಳೆ ಅಡಗುದಾಣಕ್ಕೆ ಮರಳಿ ಸಾಯುತ್ತದೆ. ಹೊರಗೆ ಹೆಚ್ಚು ಸುತ್ತಾಡದ ಮರಿಗಳು ಅದರ ಹಿಕ್ಕೆ ತಿನ್ನುತ್ತವೆ, ದೊಡ್ಡವು ಹೆಣವನ್ನೂ ತಿನ್ನುತ್ತವೆ. ಹೀಗೆ ಒಂದು ಹನಿಯ ವಿಷ ಸಂದಿನೊಳಗೆ ಕೈದಾಟುತ್ತದೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಜಿರಳೆ ಅದನ್ನು ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಬಳಸುವುದೇ ಸೋಲಿಗೆ ದಾರಿ.

ಜೆಲ್ ಕೂಡ ಅಜೇಯವಲ್ಲ. ಫ್ಲಾರಿಡಾದ ಒಂದು ಜಿರಳೆ ತಳಿ ಸಕ್ಕರೆ ಬೆರೆಸಿದ ವಿಷದ ಆಹಾರವನ್ನು ತಿರಸ್ಕರಿಸತೊಡಗಿದ್ದನ್ನು ಸಂಶೋಧಕರು 1993ರಲ್ಲಿ ವರದಿ ಮಾಡಿದರು. ಕಾರಣ 2013ರಲ್ಲಿ ತಿಳಿಯಿತು: ಆ ಜಿರಳೆಗಳ ಬಾಯಿಯಲ್ಲಿ ಕಹಿ ಗುರುತಿಸುವ ನರಕೋಶಗಳು ಗ್ಲೂಕೋಸಿಗೂ ಸ್ಪಂದಿಸುತ್ತಿದ್ದವು. ಗ್ಲೂಕೋಸಿನ ಆಮಿಷಕ್ಕೆ ಬಲಿಯಾದವು ಸತ್ತು, ಅದನ್ನು ಕಹಿಯೆಂದು ಉಗುಳಿದವುಗಳ ಸಂತಾನವೇ ಉಳಿದಿತ್ತು. ವಿಕಾಸವನ್ನು ಅಡುಗೆಮನೆಯಲ್ಲೇ ಕಾಣಬಹುದಾದ ಅಪೂರ್ವ ಉದಾಹರಣೆ ಇದು. ಹಾಗಾಗಿ ಜೆಲ್‌ನಲ್ಲಿರುವ ವಿಷವನ್ನೂ ಆಹಾರವನ್ನೂ ಆಗಾಗ ಬದಲಿಸುವುದು ಅಗತ್ಯ. ಬೋರಿಕ್ ಪುಡಿ ನಿಧಾನವಾದರೂ ಕೆಲಸ ಮಾಡುತ್ತದೆ. ಒಣ ಸಂದುಗಳಲ್ಲಿ ತೆಳುವಾಗಿ ಉದುರಿಸಬೇಕು. ರಾಶಿ ಹಾಕಿದರೆ ಜಿರಳೆ ಬಳಸಿ ಹೋಗುತ್ತದೆ. ಮಕ್ಕಳ, ಸಾಕುಪ್ರಾಣಿಗಳ ಕೈಗೆ ಇವು ಯಾವುವೂ ಸಿಗಬಾರದು.

ಬೇರೆ ಊಟ ಸಿಗುವಾಗ ಜಿರಳೆ ವಿಷದ ಹನಿಯತ್ತ ಬರುವುದು ಕಡಿಮೆ. ನೀರು ಸಿಕ್ಕರೆ ಆಹಾರವಿಲ್ಲದೆಯೂ ಅದು ವಾರಗಟ್ಟಲೆ ಬದುಕುತ್ತದೆ; ನೀರಿಲ್ಲದಿದ್ದರೆ ಬಹಳ ಬೇಗ ಸೋಲುತ್ತದೆ. ರಾತ್ರಿ ಸಿಂಕನ್ನು ಒರೆಸಿ ಒಣಗಿಸುವುದು, ಸೋರುವ ನಲ್ಲಿಯನ್ನು ರಿಪೇರಿ ಮಾಡಿಸುವುದು, ಮುಸುರೆಯನ್ನು ಹಾಗೇ ಬಿಡದಿರುವುದು, ಗೋಡೆಯ ಬಿರುಕುಗಳನ್ನು ಮುಚ್ಚುವುದು ವಿಷದಷ್ಟೇ ಮುಖ್ಯ. ಮೋರಿಯಿಂದ ಬರುವ ದೊಡ್ಡ ಜಿರಳೆಗೆ ಜಾಲರಿ ಬಿಗಿಯಾಗಿ ಕೂರಿಸುವುದೇ ಮುಖ್ಯ ಮದ್ದು.

ಹೋಟೆಲು, ಅಂಗಡಿಗಳಿಗೆ ಜಿರಳೆ ಬರುವುದು ಬಹುಮಟ್ಟಿಗೆ ಸಾಮಾನಿನ ಜೊತೆಗೆ: ರಟ್ಟಿನ ಪೆಟ್ಟಿಗೆ, ಗೋಣಿಚೀಲ, ಸೋಡಾ ಕ್ರೇಟುಗಳಲ್ಲಿ. ಬಂದ ಪೆಟ್ಟಿಗೆಗಳನ್ನು ಅಡುಗೆಮನೆಯ ಹೊರಗೇ ಬಿಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಕೀಟ ನಿಯಂತ್ರಣ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಇಂಥ ಉದ್ದಿಮೆಗಳ ಕರ್ತವ್ಯವೂ ಹೌದು. ಅಪಾರ್ಟ್‌ಮೆಂಟುಗಳಲ್ಲಿ ಕೊಳವೆ, ತಂತಿಗಳ ಜಾಡು ಹಿಡಿದು ಜಿರಳೆಗಳು ಮನೆಯಿಂದ ಮನೆಗೆ ದಾಟುವುದರಿಂದ ಒಂದೇ ಮನೆಯವರು ಮದ್ದಿಟ್ಟರೆ ಸಾಲದು.

ಅಂಟುಹಲಗೆಗಳನ್ನು ಸಿಂಕಿನ ಅಡಿ, ಫ್ರಿಜ್ಜಿನ ಹಿಂದೆ ಇಟ್ಟು ವಾರಕ್ಕೊಮ್ಮೆ ನೋಡಿದರೆ ಗೂಡು ಎಲ್ಲಿದೆ, ಮದ್ದು ಹಿಡಿದಿದೆಯೇ ಎಂಬುದು ಗೊತ್ತಾಗುತ್ತದೆ. ಚೀಲದೊಳಗಿನ ಮೊಟ್ಟೆ ಒಡೆಯಲು ಮೂರು ನಾಲ್ಕು ವಾರ ಬೇಕು. ಜಿರಳೆ ಕಾಣುವುದು ನಿಂತ ಮೇಲೂ ಒಂದೆರಡು ತಿಂಗಳು ಜೆಲ್ ಹನಿಗಳನ್ನು ಹೊಸದಾಗಿ ಇಡುತ್ತಲೇ ಇರಬೇಕು.